0.8 ಎಂಎಲ್ ಗೆರೆ ಎಲ್ಲಿದೆ, ತೋರಿಸಿ ಸ್ವಾಮಿ

ಮಕ್ಕಳ ಜ್ವರದ ಡ್ರಾಪ್ಸ್ ತಯಾರಿಸುವವರು ಯಾರೂ ಮನೆಯಲ್ಲಿ ಮಗು ಸಾಕಿದವರಲ್ಲ ಅಂತ ನನಗೆ ಖಾತ್ರಿಯಾಗಿದೆ. ಸಾಕಿದ್ದರೆ ಆ ಡಬ್ಬಿಯೊಳಗೆ ಇಂಥ ಡ್ರಾಪರ್ ಇಡುತ್ತಿರಲಿಲ್ಲ.

ನಮ್ಮವಳ ತೂಕ ಎಂಟು ಕಿಲೋ. ಡಾಕ್ಟರ್ ತೂಕ ನೋಡಿ ಚೀಟಿಯಲ್ಲಿ 0.8 ಎಂಎಲ್ ಅಂತ ಬರೆದರು. ಲೆಕ್ಕ ಸರಿಯಾಗಿಯೇ ಇದೆ. ಒಂದು ಕಿಲೋ ತೂಕಕ್ಕೆ 10ರಿಂದ 15 ಮಿಲಿಗ್ರಾಂ ಪ್ಯಾರಾಸಿಟಮಾಲ್. ಡ್ರಾಪ್ಸ್‌ನಲ್ಲಿ 1 ಎಂಎಲ್‌ಗೆ 100 ಮಿಲಿಗ್ರಾಂ ಇರುತ್ತದೆ. ಡಬ್ಬಿ ಬಿಚ್ಚಿ ನೋಡಿದರೆ ಡ್ರಾಪರ್ ಮೇಲೆ ಇರುವುದು ಎರಡೇ ಗೆರೆ. ಒಂದು 0.5, ಇನ್ನೊಂದು 1. ನಡುವೆ ಏನೂ ಇಲ್ಲ. ಹಾಗಾದರೆ ನನ್ನ 0.8 ಎಲ್ಲಿ? ರಾತ್ರಿ ಎರಡು ಗಂಟೆಗೆ, ಮಗು ಕಿರುಚುತ್ತಿರುವಾಗ, ಮೊಬೈಲ್ ಟಾರ್ಚ್ ಹಿಡಿದು ಕಣ್ಣಳತೆಯಲ್ಲಿ ಅಂದಾಜು ಮಾಡಬೇಕು. ಆ ಪ್ಲಾಸ್ಟಿಕ್ಕಾದರೂ ಪಾರದರ್ಶಕವಾಗಿದೆಯಾ ಅಂದರೆ ಅದೂ ಇಲ್ಲ. ಮಂಜು ಕವಿದ ಹಾಗೆ ಮಸುಕು. ಒಳಗೆ ಔಷಧ ಎಲ್ಲಿಯವರೆಗೆ ಏರಿದೆ ಅನ್ನುವುದೇ ಕಾಣುವುದಿಲ್ಲ.

ಇದನ್ನು ಹೇಳಿದರೆ ಎಲ್ಲರೂ ನನಗೆ ಡ್ರಾಪರ್ ತುಂಬುವ ಪಾಠ ಮಾಡುತ್ತಾರೆ. ನಮ್ಮನೆಯವರೂ ಸೇರಿ. ಅವರು ಮುಂಬೈನ ಡೊಂಬಿವಲಿ ಫಾಸ್ಟ್ ಲೋಕಲ್ ರೈಲಿನಲ್ಲಿ ನಿಂತುಕೊಂಡು ಬಂದು, ಬೂಟು ಬಿಚ್ಚುವ ಮೊದಲೇ "ನೀನು ಸರಿಯಾಗಿ ಎಳೀತಿಲ್ಲ" ಅಂತಾರೆ. ನನಗೆ ಗೊತ್ತು ಮಾರಾಯ್ರೇ, ಚೆನ್ನಾಗಿಯೇ ಗೊತ್ತು. ರಬ್ಬರ್ ಬಲ್ಬನ್ನು ಹೊರಗೇ ಅದುಮಬೇಕು, ಔಷಧದೊಳಗೆ ಇಳಿಸಿ ಅದುಮಿದರೆ ಗಾಳಿ ನುಗ್ಗಿ ಗುಳ್ಳೆ ಏಳುತ್ತದೆ. ತುದಿ ಪೂರ್ತಿ ಮುಳುಗಿರಬೇಕು. ಬೆರಳನ್ನು ನಿಧಾನಕ್ಕೆ ಸಡಿಲ ಬಿಡಬೇಕು. ಡ್ರಾಪರನ್ನು ನೆಟ್ಟಗೆ ಕಣ್ಣಿನ ಮಟ್ಟಕ್ಕೆ ಹಿಡಿದು, ಔಷಧ ನಡುವೆ ಎಲ್ಲಿ ತಗ್ಗಾಗಿ ನಿಂತಿದೆಯೋ ಅಲ್ಲಿ ಓದಬೇಕು, ಅಂಚಿನಲ್ಲಿ ಏರಿದ ಕಡೆ ಅಲ್ಲ. ಜಾಸ್ತಿ ಬಂದಿದ್ದರೆ ಒಂದೊಂದೇ ಹನಿ ವಾಪಸ್ ಬಿಡಬೇಕು. ಕೊನೆಗೆ ತುದಿಯನ್ನು ಬಾಟಲಿಯ ಒಳಗೋಡೆಗೆ ಮುಟ್ಟಿಸಬೇಕು, ಹೊರಗೆ ಅಂಟಿದ ಹನಿ ಅಲ್ಲೇ ಇಳಿದುಹೋಗುತ್ತದೆ. ತಲೆಕೆಳಗೆ ಮಾಡಲೇಬಾರದು, ಔಷಧ ಬಲ್ಬಿನೊಳಗೆ ಹೋಗಿ ಕೂರುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಗುಳ್ಳೆ. ಯಾಕೆ ಅಂದರೆ ಲೇಬಲ್ ಮೇಲೆ "ಚೆನ್ನಾಗಿ ಅಲುಗಾಡಿಸಿ" ಅಂತ ಬರೆದಿರುತ್ತಾರೆ. ಅಲುಗಾಡಿಸದಿದ್ದರೆ ಔಷಧ ತಳದಲ್ಲಿ ಕೂತಿರುತ್ತದೆ, ಮೇಲಿನ ನೀರಿನಂಥದ್ದು ಮಾತ್ರ ಮಗುವಿನ ಹೊಟ್ಟೆಗೆ ಹೋಗುತ್ತದೆ. ಅಲುಗಾಡಿಸಿದರೆ ನೊರೆ. ಆ ನೊರೆ ಇಳಿಯುವ ತನಕ ಕಾಯಿರಿ ಅಂತ 102 ಡಿಗ್ರಿ ಜ್ವರದ ಮಗುವಿಗೆ ಹೇಳಲಿಕ್ಕಾಗುತ್ತದಾ? ನೊರೆ ಸಮೇತ ಎಳೆದರೆ 0.8 ಅಂತ ಕಂಡದ್ದರಲ್ಲಿ ಎಷ್ಟು ಔಷಧ, ಎಷ್ಟು ಗಾಳಿ, ದೇವರಿಗೇ ಗೊತ್ತು.

ಬಾಟಲಿ ಅರ್ಧ ಖಾಲಿಯಾದ ಮೇಲೆ ಬೇರೆಯೇ ಆಟ. ಡ್ರಾಪರ್ ಕುಳ್ಳ, ತಳ ಮುಟ್ಟುವುದಿಲ್ಲ. ಇರುವುದೇ 15 ಎಂಎಲ್ ಬಾಟಲಿ. ಅದನ್ನು ಓರೆ ಮಾಡಬೇಕು. ಓರೆ ಮಾಡಿದರೆ ಕುತ್ತಿಗೆಯ ತಿರುಪಿಗೆ ಔಷಧ ತಾಗುತ್ತದೆ. ಅದರಲ್ಲಿರುವುದು ಸಕ್ಕರೆ ಪಾಕವಲ್ವಾ? ಮುಂಬೈ ಮಳೆಗಾಲದಲ್ಲಿ ಬಟ್ಟೆಯೇ ಒಣಗುವುದಿಲ್ಲ, ಪಾಕ ಒಣಗುತ್ತದೆಯೇ. ಅಂಟಂಟಾಗಿ ಕೂತು ಬೆಳಿಗ್ಗೆ ಮುಚ್ಚಳ ತಿರುಗುವುದಿಲ್ಲ, ಮುಚ್ಚಳದ ಸುತ್ತ ಕೆಂಪಿರುವೆಯ ಸಾಲು. ತಿರುಗಿಸಿ ತಿರುಗಿಸಿ ನನ್ನ ಅಂಗೈ ಕೆಂಪಾಗುತ್ತದೆ. ಕೊನೆಗೆ ಇಕ್ಕಳ.

ತೊಳೆಯುವ ಕತೆ ಕೇಳಿ. ಮಗುವಿನ ಬಾಯಿಗೆ ಇಟ್ಟ ಡ್ರಾಪರನ್ನು ಹಾಗೇ ಬಾಟಲಿಗೆ ಅದ್ದಬಾರದು, ಎಂಜಲು. ಸರಿ, ತೊಳೆದೆವು. ಬಲ್ಬಿನೊಳಗೆ ಹೋದ ನೀರು ಹೊರಗೆ ಬರುವುದಿಲ್ಲ. ಜಾಡಿಸಿದರೂ ಒಳಗೆ ಒಂದು ಹನಿ ಉಳಿದೇ ಉಳಿಯುತ್ತದೆ, ಮುಂದಿನ ಸಲ ಔಷಧದ ಜೊತೆ ಇಳಿಯುತ್ತದೆ. ಬಿಸಿನೀರಿನಲ್ಲಿ ತೊಳೆದರೆ ಗೆರೆಗಳೇ ಮಾಯ. ಹೌದು, ಆ ಎರಡು ಗೆರೆಯನ್ನೂ ಬರೀ ಶಾಯಿಯಲ್ಲಿ ಅಚ್ಚೊತ್ತಿರುತ್ತಾರೆ! ಔಷಧ ಇನ್ನೂ ಅರ್ಧ ಬಾಟಲಿ ಇರುವಾಗಲೇ ಅಳತೆ ಕಾಣೆ. ಗೆರೆಯನ್ನು ಪ್ಲಾಸ್ಟಿಕ್ಕಿನಲ್ಲೇ ಕೊರೆದರೆ ಇವರ ಗಂಟೇನು ಹೋಗುತ್ತದೋ.

ಒಂದೇ ಡ್ರಾಪರ್ ಆಗಿದ್ದರೆ ಹಾಳಾಗಿ ಹೋಗಲಿ ಅನ್ನಬಹುದಿತ್ತು. ನಮ್ಮ ಡ್ರಾಯರ್‌ನಲ್ಲಿ ಜ್ವರದ್ದೊಂದು, ವಿಟಮಿನ್ ಡಿಯದ್ದೊಂದು, ಕಬ್ಬಿಣದ್ದೊಂದು. ಎಲ್ಲ ಒಂದೇ ಥರ ಕಾಣುತ್ತವೆ, ಅಳತೆ ಮಾತ್ರ ಬೇರೆ ಬೇರೆ. ಕಬ್ಬಿಣದ್ದು ಸೋರಿ ಎಷ್ಟು ಝಬಲಾ ಹಾಳಾಗಿವೆಯೋ, ಆ ಕಂದು ಕಲೆ ಯಾವ ಸೋಪಿಗೂ ಹೋಗುವುದಿಲ್ಲ. ವಿಟಮಿನ್ ಡಿ ಡ್ರಾಪ್ಸ್ ಇನ್ನೂ ಚೆಂದ. ಒಂದು ಕಂಪನಿಯದ್ದು 1 ಎಂಎಲ್‌ಗೆ 400 ಐಯು (ವಿಟಮಿನ್ ಅಳೆಯುವ ಯೂನಿಟ್ಟು), ಇನ್ನೊಂದರದ್ದು 800. ಮಗುವಿಗೆ ದಿನಕ್ಕೆ ಬೇಕಾದದ್ದು 400. ಮೆಡಿಕಲ್‌ನವನು "ಅದು ಸ್ಟಾಕ್ ಇಲ್ಲ, ಇದು ತಗೊಳ್ಳಿ" ಅಂತ ಬದಲಿ ಕೊಟ್ಟರೆ, ಹಳೇ ಅಭ್ಯಾಸದಲ್ಲಿ ಪೂರ್ತಿ ಡ್ರಾಪರ್ ಹಾಕಿದವರು ದುಪ್ಪಟ್ಟು ಹಾಕಿದ ಹಾಗಾಯಿತು. ಇದು ನನ್ನೊಬ್ಬಳ ಭಯವಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2010ರಲ್ಲೇ ಎಚ್ಚರಿಸಿತ್ತು. ಕೆಲವು ಡ್ರಾಪರ್‌ಗಳು ಒಂದು ದಿನದ ಅಳತೆಗಿಂತ ಜಾಸ್ತಿ ಹಿಡಿಯುತ್ತವೆ, ಶಿಶುವಿನ ಡ್ರಾಪರ್ 400 ಐಯುಗಿಂತ ಹೆಚ್ಚು ಹಿಡಿಯುವಂತೆ ಇರಬಾರದು ಅಂತ. ಇಷ್ಟು ವರ್ಷವಾದರೂ ನಮ್ಮ ಡ್ರಾಯರ್‌ಗೆ ಆ ಸುದ್ದಿ ತಲುಪಿಲ್ಲ.

ನಮ್ಮ ಅತ್ತೆಗೆ ಈ ಗೆರೆ, ಎಂಎಲ್ ಎಲ್ಲ ಕಟ್ಟುಕತೆ. "ಎಣಿಸಿ ಹದಿನಾರು ಹನಿ ಹಾಕು ಮಾರಾಯ್ತಿ, 20 ಹನಿಗೆ ಒಂದು ಎಂಎಲ್" ಅಂತಾರೆ. ಅತ್ತೆ, ಆ ಲೆಕ್ಕ ನೀರಿಗೆ, ಅದೂ ನಿಗದಿತ ಅಳತೆಯ ತುದಿ ಇರುವ ಡ್ರಾಪರ್ ನೆಟ್ಟಗೆ ಹಿಡಿದಾಗ. ತುದಿ ದಪ್ಪ ಇದ್ದರೆ ಹನಿ ದೊಡ್ಡದು. ಪಾಕದ ಹನಿಯ ಅಳತೆ ಬೇರೆ. ಕೈ ಓರೆಯಾದರೆ ಮತ್ತೆ ಬೇರೆ. "ಪೋಲಿಯೋಗೆ ಎರಡೇ ಹನಿ ಹಾಕ್ತಾರಲ್ಲ, ಅದು ನಡೀತದೆ, ಇದು ನಡೆಯೋದಿಲ್ಲವಾ" ಅಂತ ಅವರ ಮರುಪ್ರಶ್ನೆ. ಅದೇ ಹೇಳುತ್ತಿದ್ದೇನೆ ನಾನೂ! ಆ ಎರಡು ಹನಿಗೆ ತಕ್ಕ ಹಾಗೆಯೇ ಲಸಿಕೆಯ ಶೀಶೆಗೆ ಅದರದ್ದೇ ಡ್ರಾಪರ್ ಕೊಟ್ಟಿರುತ್ತಾರೆ. 1995ರಿಂದ ಭಾನುವಾರದ ಬೂತ್‌ನಲ್ಲಿ, ರೈಲ್ವೆ ಸ್ಟೇಷನ್‌ನಲ್ಲಿ, ಬಸ್ ಸ್ಟ್ಯಾಂಡ್‌ನಲ್ಲಿ ಕೋಟಿಗಟ್ಟಲೆ ಮಕ್ಕಳ ಬಾಯಿಗೆ ಅದರಿಂದಲೇ ಹಾಕಿದರು, 2014ರಲ್ಲಿ ದೇಶಕ್ಕೆ ಪೋಲಿಯೋಮುಕ್ತ ಅನ್ನುವ ಪ್ರಮಾಣಪತ್ರವೂ ಬಂತು. ಪುಕ್ಕಟೆ ಕೊಡುವ ಲಸಿಕೆಗೆ ಸರಿಯಾದ ಡ್ರಾಪರ್ ಕೊಡಲಿಕ್ಕಾಗುತ್ತದೆ, ದುಡ್ಡು ಕೊಟ್ಟು ತರುವ ಔಷಧಕ್ಕೆ ಆಗುವುದಿಲ್ಲ.

ಕೆಳಗಿನ ಮೆಡಿಕಲ್‌ಗೆ ಹೋಗಿ ಸಿರಿಂಜ್ ಕೇಳಿದೆ. ಬಾಯಿಗೆ ಔಷಧ ಹಾಕುವ ಸಿರಿಂಜ್, ಸೂಜಿ ಇಲ್ಲದ್ದು. ಅವನು ಕೊಟ್ಟದ್ದು ಇಂಜೆಕ್ಷನ್‌ನದ್ದು. "ವಹಿನಿ, ಸೂಜಿ ತೆಗೆದು ಬಿಸಾಡಿ, ಸಗಳೇ ಅಸಂಚ್ ಕರ್ತಾತ್." ಎಲ್ಲರೂ ಹೀಗೇ ಮಾಡುತ್ತಾರಂತೆ! ಸೂಜಿ, ಅದರ ಮೇಲಿನ ಪುಟ್ಟ ಕ್ಯಾಪು, ಎರಡನ್ನೂ ಮನೆಗೆ ಒಯ್ಯದೆ ಅಲ್ಲೇ ಕೌಂಟರ್ ಮೇಲೆ ಬಿಟ್ಟು ಬಂದೆ. ಆ ಕ್ಯಾಪು ಮಗುವಿನ ಗಂಟಲಲ್ಲಿ ಸಿಕ್ಕಿಕೊಳ್ಳುವ ಸಾಮಾನು. ಇನ್ಸುಲಿನ್ ಸಿರಿಂಜ್ ಕೊಡಲಾ ಅಂತಲೂ ಕೇಳಿದ ಪುಣ್ಯಾತ್ಮ. ಅದರ ಮೇಲೆ ಇರುವುದು ಎಂಎಲ್ ಅಲ್ಲ, ಯೂನಿಟ್ಟು. 1 ಎಂಎಲ್‌ಗೆ 40 ಯೂನಿಟ್ಟಿನದ್ದರಲ್ಲಿ 0.8 ಎಂಎಲ್ ಬೇಕಾದರೆ 32ಕ್ಕೆ ಎಳೆಯಬೇಕು. ನಡುರಾತ್ರಿ ಅದೊಂದು ಬೇರೆ ಭಾಗಾಕಾರ.

ಸಿರಿಂಜಿನ ಮೇಲೆ 0.1ರ ಗೆರೆಗಳಿವೆ, 0.8 ಸ್ಪಷ್ಟವಾಗಿ ಕಾಣುತ್ತದೆ, ಕಣ್ಣಿಗೆ ಹಬ್ಬ. ಆದರೆ ಅದು ಬಾಟಲಿಯ ಕುತ್ತಿಗೆಯಲ್ಲೇ ನಿಲ್ಲುತ್ತದೆ, ಔಷಧದವರೆಗೆ ಇಳಿಯುವುದಿಲ್ಲ. ತೊಳೆದ ಬಟ್ಟಲಿಗೆ ಸುರಿದು ಎಳೆಯಬೇಕು, ಬಟ್ಟಲಿನಲ್ಲಿ ಉಳಿದದ್ದು ಮೋರಿಗೆ. ನ್ಯೂಜೆರ್ಸಿಯಲ್ಲಿರುವ ನಾದಿನಿ ವಿಡಿಯೋ ಕಾಲ್‌ನಲ್ಲಿ ಅವರ ಬಾಟಲಿ ತೋರಿಸಿದಳು. ಕುತ್ತಿಗೆಯೊಳಗೆ ನಡುವೆ ತೂತಿರುವ ಒಂದು ಪುಟ್ಟ ಪ್ಲಾಸ್ಟಿಕ್ ಬಿರಡೆ. ಸಿರಿಂಜ್ ಅದರಲ್ಲಿ ಚುಚ್ಚು, ಬಾಟಲಿ ತಲೆಕೆಳಗೆ ಮಾಡು, ಎಳೆ. ಒಂದು ಹನಿ ಹೊರಗೆ ಬೀಳಲಿಲ್ಲ. ಅಲ್ಲೂ ಮೊದಲು ಶಿಶುಗಳಿಗೆ ಒಂದು ಸಾಂದ್ರತೆ, ದೊಡ್ಡ ಮಕ್ಕಳಿಗೆ ಇನ್ನೊಂದು ಅಂತ ಗೊಂದಲವಿತ್ತು. 2011ರಿಂದ ಕಂಪನಿಗಳು ಎರಡಕ್ಕೂ 5 ಎಂಎಲ್‌ಗೆ 160 ಮಿಲಿಗ್ರಾಂ ಅಂತ ಒಂದೇ ಮಾಡಿಕೊಂಡವು. ನಮ್ಮಲ್ಲಿ ಡ್ರಾಪ್ಸ್ 5 ಎಂಎಲ್‌ಗೆ 500 ಮಿಲಿಗ್ರಾಂ ಆಯಿತು, ಸಿರಪ್ 125ರದ್ದೂ ಇದೆ, 250ರದ್ದೂ ಇದೆ. ಹೆಸರು ಒಂದೇ, ಡಬ್ಬಿಯ ಬಣ್ಣವೂ ಹೆಚ್ಚುಕಮ್ಮಿ ಒಂದೇ. ನಿದ್ದೆಗಣ್ಣಿನಲ್ಲಿ ಸಿರಪ್ ಅಂದುಕೊಂಡು ಡ್ರಾಪ್ಸನ್ನು ಚಮಚಕ್ಕೆ ಸುರಿದರೆ ಏನಾಗಬಹುದು, ನೀವೇ ಲೆಕ್ಕ ಹಾಕಿ.

ಡಬ್ಬಿಯ ಮೇಲೆ ಗ್ರಾಹಕರ ನಂಬರ್ ಇತ್ತು, ಫೋನ್ ಮಾಡಿದೆ. ಸಂಗೀತ ಕೇಳಿಸಿದರು, ಬ್ಯಾಚ್ ನಂಬರ್ ಬರೆದುಕೊಂಡರು, ಡ್ರಾಪರ್ ಮೇಲೆ 0.8 ಇಲ್ಲ ಅಂದದ್ದಕ್ಕೆ "ಮೇಡಂ, ಡಬ್ಬಿಯಲ್ಲಿ ಕೊಟ್ಟ ಡ್ರಾಪರನ್ನೇ ಬಳಸಿ" ಅಂದರು. ಗೆರೆ ಅಳಿಸಿಹೋಗಿದೆ ಅಂದೆ. "ಹಾಗಿದ್ದರೆ ಹೊಸ ಬಾಟಲಿ ತಗೊಳ್ಳಿ, ಅದರಲ್ಲಿ ಹೊಸ ಡ್ರಾಪರ್ ಬರುತ್ತದೆ" ಅಂದರು.