ಮನೆಯ ಕಥೆಯೂ ಕಾದಂಬರಿಯ ಪಾತ್ರವೂ

ಕಾದಂಬರಿಯ ಪಾತ್ರವೊಂದು ಮಾಡಬಾರದ್ದನ್ನು ಮಾಡಿದಾಗ ಕೆಲವರು ಪುಸ್ತಕ ಮುಚ್ಚಿಡುತ್ತಾರೆ. ಕೆಲವರು "ಯಾಕೆ ಹೀಗೆ ಮಾಡಿದಳು?" ಅಂತ ಹತ್ತು ಪುಟ ಹಿಂದಕ್ಕೆ ಹೋಗುತ್ತಾರೆ. ಹೀಗೆ ಹಿಂದಕ್ಕೆ ಹೋಗುವ ಅಭ್ಯಾಸ ಮನೆಯ ಜಗುಲಿಯಲ್ಲೇ ಶುರುವಾಗುತ್ತದೆ ಅನ್ನುವುದು ನನ್ನ ಗಟ್ಟಿ ನಂಬಿಕೆ.

ಮನೆಯಲ್ಲಿ ಹೇಳುವ ಕಥೆಯಲ್ಲಿ ಗುಣವರ್ಣನೆ ಕಡಿಮೆ. ಕಣಜದ ಬೀಗದ ಕೈಯನ್ನು ಸೊಂಟದಿಂದ ಇಳಿಸದ ಅತ್ತೆ, ಹಿತ್ತಿಲ ಬಾಗಿಲಿಗೆ ಬಂದ ಬಸುರಿಗೆ ಮಾತ್ರ ಲೆಕ್ಕ ಬರೆಯದೆ ಎರಡು ಸೇರು ಅಕ್ಕಿ ಅಳೆಯುತ್ತಿದ್ದಳು ಎಂದರೆ ಸಾಕು, ಜಿಪುಣಿಯೋ ಕರುಣೆಯವಳೋ ಅಂತ ಮಗು ತಾನೇ ತೂಗಿ ನೋಡುತ್ತದೆ. ಅದೇ ಅತ್ತೆಯ ಬಗ್ಗೆ ಸೊಸೆ ಹೇಳುವುದೇ ಬೇರೆ, ಮಗಳು ಹೇಳುವುದೇ ಬೇರೆ. ಇಬ್ಬರದ್ದೂ ಕೇಳಿಸಬೇಕು. ಕಥೆ ಹೇಳುವವರಿಗೂ ಒಂದು ಪಕ್ಷವಿರುತ್ತದೆ ಅನ್ನುವುದು ಮಗುವಿಗೆ ಹಾಗೆಯೇ ತಿಳಿಯುತ್ತದೆ.

ಮಗುವಿಗೆ ಉಣಿಸುತ್ತ ಕಥೆ ಹೇಳುವಾಗ ಒಂದು ಸಲಕ್ಕೆ ಒಬ್ಬರ ಕಥೆ, ಒಂದೇ ಘಟನೆ, ಹತ್ತು ನಿಮಿಷ ಸಾಕು. ಅವರ ಬೈಗುಳ, ಅವರ ಊರಿನ ಮಾತು ಹಾಗೇ ಇರಲಿ. ತಿದ್ದಿ ಗ್ರಂಥಭಾಷೆ ಮಾಡಿದರೆ ಎಲ್ಲರೂ ಒಂದೇ ಥರ ಮಾತಾಡತೊಡಗುತ್ತಾರೆ. ಕಥೆ ಹೆಚ್ಚಾಗಿ ಕೆಡುವುದು ತೀರಿಕೊಂಡವರನ್ನು ದೇವರ ಪಟ ಮಾಡಿದಾಗ. "ತುಂಬಾ ಒಳ್ಳೆಯವರಿದ್ದರು" ಎಂದಮೇಲೆ ಕೇಳುವುದಕ್ಕೆ ಏನು ಉಳಿಯಿತು? ಕೊನೆಗೊಂದು ನೀತಿ ಅಂಟಿಸಿದರೂ ಅಷ್ಟೇ, ಮಗು ನೀತಿ ಹಿಡಿದುಕೊಂಡು ಮನುಷ್ಯರನ್ನು ಬಿಟ್ಟುಬಿಡುತ್ತದೆ.

ಮನೆಯವರ ಕಥೆ ಸಿಗದಿದ್ದರೆ ಜನಪದ ಕಥೆಗಳಿವೆ. ಎ. ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡದ ಕಥೆಯೊಂದರಲ್ಲಿ ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಗೊತ್ತಿರುತ್ತದೆ. ಅವಳು ಯಾರಿಗೂ ಹೇಳುವುದಿಲ್ಲ. ಉಸಿರುಗಟ್ಟಿದ ಕಥೆ, ಹಾಡು ಎರಡೂ ಅವಳು ಮಲಗಿದ್ದಾಗ ಹೊರಗೆ ಬಂದು, ಒಂದು ಜೊತೆ ಬೂಟು, ಗಂಡಸಿನ ಒಂದು ಕೋಟು ಆಗುತ್ತವೆ. ಮನೆಗೆ ಬಂದ ಗಂಡ "ಯಾರು ಬಂದಿದ್ದಾರೆ?" ಎನ್ನುತ್ತಾನೆ. ಜಗಳವಾಗಿ, ಕಂಬಳಿ ಹೊದ್ದು ಹನುಮಂತನ ಗುಡಿಗೆ ಮಲಗಲು ಹೋಗುತ್ತಾನೆ. ಊರಿನ ದೀಪಗಳೆಲ್ಲ ರಾತ್ರಿ ಅಲ್ಲಿ ಸೇರಿ ಮಾತಾಡುವಾಗ ತನ್ನ ಮನೆಯ ದೀಪದ ಬಾಯಲ್ಲೇ ನಿಜ ಕೇಳುತ್ತಾನೆ. ಬೆಳಗ್ಗೆ ಮನೆಗೆ ಹೋಗಿ ಆ ಕಥೆ ಯಾವುದು, ಹಾಡು ಯಾವುದು ಅಂದರೆ, ಅವಳು "ಯಾವ ಕಥೆ? ಯಾವ ಹಾಡು?" ಎನ್ನುತ್ತಾಳೆ.

ಅವಳಿಗೆ ಹೆಸರಿಲ್ಲ, ಎಂಥವಳೆಂಬ ಒಂದು ಮಾತೂ ಇಲ್ಲ. ಇಲ್ಲಿಗೇ ನಿಲ್ಲಿಸಿ. ಅವಳು ಮೊದಲೇ ಯಾಕೆ ಹೇಳಲಿಲ್ಲ ಅಂತ ಮಗು ಕೇಳಿದರೆ, "ನಿನಗೇನನ್ನಿಸುತ್ತೆ?" ಎಂದು ಇನ್ನೊಂದು ತುತ್ತು ಕೊಡಿ.