ರೊಟ್ಟಿ ಮಾತ್ರ ನಿಮಗೆ

ಪಕ್ಕದ ಮೇಜಿನ ಸಾಹೇಬರು ಪಿಷ್ಟ-ಸಕ್ಕರೆ ಬಿಟ್ಟು ಕೊಬ್ಬು ತಿನ್ನುವ ಕೀಟೋ ಪಥ್ಯ ಹಿಡಿದಾಗಿನಿಂದ ತೆಳ್ಳಗಾಗುತ್ತಿರುವವನು ನಾನು.

ವಿಜಯಪುರದವರ ಡಬ್ಬಿಯಲ್ಲಿ ಏನಿರುತ್ತದೆಂದು ಹೇಳಬೇಕಾಗಿಲ್ಲ: ಬಿಳಿಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ನಾನು ಮುಚ್ಚಳ ತೆಗೆಯುತ್ತಲೇ ಸಾಹೇಬರು ಕುರ್ಚಿ ಎಳೆದುಕೊಂಡು ಹತ್ತಿರವಾಗುತ್ತಾರೆ. "ರೊಟ್ಟಿ ಬೇಡವೇ ಬೇಡ ರೀ, ಕಾರ್ಬ್ ಮುಟ್ಟುವುದಿಲ್ಲ" ಎಂದು ಎರಡೂ ಕೈ ಎತ್ತುತ್ತಾರೆ. ನಾನು ಕೊಡುತ್ತೇನೆಂದು ಹೇಳಿರುವುದೇ ಇಲ್ಲ! ಆಮೇಲೆ ಅಂಗಿಯ ಜೇಬಿನಿಂದ, ಕರವಸ್ತ್ರದಲ್ಲಿ ಸುತ್ತಿಟ್ಟ ಸ್ಟೀಲ್ ಚಮಚ ಹೊರಬರುತ್ತದೆ. ಬದನೆಕಾಯಿಯನ್ನು ತೊಟ್ಟು ಹಿಡಿದು ಎತ್ತುತ್ತಾರೆ. ಮಸಾಲೆ ಉದುರದಂತೆ ಕೆಳಗೆ ಚಮಚ ಒಡ್ಡುತ್ತಾರೆ. ನಂತರ ಡಬ್ಬಿಯ ಮೂಲೆಯಲ್ಲಿ ನಿಂತ ಎಣ್ಣೆಯ ಸರದಿ. "ಕೊಬ್ಬು ತಿಂದರೇ ಕೊಬ್ಬು ಕರಗುವುದು." ಹಿಂದೆಯೇ ಚಟ್ನಿ, ಮೊಸರು. ಜುಣಕ ತಂದ ದಿನವೂ ಬಿಡಲಿಲ್ಲ. ಕಡಲೆ ಹಿಟ್ಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಕಾರ್ಬೋಹೈಡ್ರೇಟೇ ಇದೆ ಎಂದೆ. "ಅದು ಪ್ರೋಟೀನ್ ಲೆಕ್ಕಕ್ಕೆ ಬರುತ್ತದೆ" ಎಂದು ತಳ ಕೆರೆದರು. ನನಗೆ ಉಳಿಯುವುದು ಖಡಕ್ ರೊಟ್ಟಿ ಮತ್ತು ನೀರಿನ ಬಾಟಲಿ.

ಈ ಕೀಟೋ 1920ರ ದಶಕದಲ್ಲಿ ಅಮೆರಿಕದ ವೈದ್ಯರು ಮೂರ್ಛೆರೋಗಕ್ಕೆಂದು ರೂಪಿಸಿದ ಪಥ್ಯ. ಸಾಹೇಬರಿಗಿರುವುದು ಹೊಟ್ಟೆ ಮಾತ್ರ. ಮೊದಲ ವಾರವೇ ತೂಕ ಇಳಿಯಿತೆಂದು ಕಚೇರಿಗೆಲ್ಲ ಪೇಢೆ ಹಂಚಿದರು. ಇಳಿದದ್ದರಲ್ಲಿ ಬಹುಪಾಲು ನೀರು: ಮೈಯಲ್ಲಿ ಕೂಡಿಟ್ಟ ಸಕ್ಕರೆಯ ದಾಸ್ತಾನು, ಅಂದರೆ ಗ್ಲೈಕೋಜನ್, 1 ಗ್ರಾಂ ಕರಗಿದರೆ ಸುಮಾರು 3 ಗ್ರಾಂ ನೀರೂ ಜೊತೆಗೆ ಹೊರಡುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 609 ಜನರನ್ನು ವರ್ಷವಿಡೀ ಗಮನಿಸಿ 2018ರಲ್ಲಿ ಫಲಿತಾಂಶ ಹೇಳಿದರು: ಕೊಬ್ಬು ಕಡಿಮೆ ಮಾಡಿದವರಾಗಲಿ ಕಾರ್ಬ್ ಕಡಿಮೆ ಮಾಡಿದವರಾಗಲಿ, ಸರಾಸರಿ ಇಳಿದದ್ದು ಹೆಚ್ಚುಕಡಿಮೆ ಅಷ್ಟೇ, ಐದಾರು ಕಿಲೋ. ಪರರ ಡಬ್ಬಿಯಲ್ಲಿ ಉಂಡವರನ್ನು ಅವರು ಪ್ರತ್ಯೇಕವಾಗಿ ತೂಗಿರಲಿಕ್ಕಿಲ್ಲ.

ನಮ್ಮ ಅಜ್ಜ ರೊಟ್ಟಿಯ ಮೇಲೆ ಚಟ್ನಿ ಇಟ್ಟುಕೊಂಡು ಹೊಲಕ್ಕೆ ಹೋದರೆ ಹೊತ್ತು ಮುಳುಗುವವರೆಗೂ ಎತ್ತುಗಳ ಹಿಂದೆ ನಡೆಯುತ್ತಿದ್ದರು. ಅವರು ತೂಕ ನೋಡಿದ್ದು ಜೋಳದ ಚೀಲದ್ದು ಮಾತ್ರ. ಅದೇ ರೊಟ್ಟಿ ಕಟ್ಟಿಕೊಂಡು ನಾನು ಎರಡನೆಯ ಮಹಡಿಗೂ ಲಿಫ್ಟ್ ಹತ್ತುತ್ತೇನೆ.

ಈ ಸೋಮವಾರ ಸಾಹೇಬರು ಕೀಟೋ ಬಿಟ್ಟರೆಂಬ ಸುದ್ದಿ ಬಂತು. ಹಾಲು ಕುಡಿದಷ್ಟು ಸಂತೋಷವಾಯಿತು. ಈಗ ದಿನಕ್ಕೆ 16 ತಾಸು ಉಪವಾಸ, 8 ತಾಸು ಊಟವಂತೆ. ಊಟದ ತಾಸುಗಳು ಮಧ್ಯಾಹ್ನ 12ಕ್ಕೆ ಆರಂಭ. "ಇದರಲ್ಲಿ ಯಾವ ನಿರ್ಬಂಧವೂ ಇಲ್ಲ ರೀ, ರೊಟ್ಟಿಯೂ ನಡೆಯುತ್ತದೆ" ಎಂದವರೇ ಚಮಚವನ್ನು ಮೇಜಿನ ಖಾನೆಗೆ ಹಾಕಿ, ಕೈ ತೊಳೆದುಕೊಂಡು ಬಂದರು.