ಗುಡ್ಡಕ್ಕೊಂದು ಹಾರ

ನಮ್ಮಲ್ಲಿ ಹಾರಕ್ಕೆಂದೂ ಬರವಿಲ್ಲ. ನಾಯಕರು ಊರಿಗೆ ಬಂದರೆ ಕ್ರೇನಿನಲ್ಲಿ ಸೇಬಿನ ಹಾರ ತೂಗುತ್ತದೆ. ಕಲ್ಲಿದ್ದಲು ಗಣಿಗಳಲ್ಲಿ ಅಗೆದು ರಾಶಿ ಹಾಕಿದ ಮಣ್ಣುಗುಡ್ಡಕ್ಕೂ ಒಂದು ಹಾರವಿದೆ, ಹೆಸರೇ ‘ಗಾರ್ಲೆಂಡ್ ಡ್ರೈನ್’. ಗುಡ್ಡದ ಬುಡದ ಸುತ್ತ ತೋಡುವ ಚರಂಡಿ. ಇಳಿದು ಬಂದ ಮಳೆನೀರನ್ನು ಅದು ಹೂಳುಗುಂಡಿಗೆ ಒಯ್ಯಬೇಕು, ಅಲ್ಲಿ ಕೆಸರು ತಳಕ್ಕೆ ಕೂತು ತಿಳಿನೀರಷ್ಟೇ ಹಳ್ಳ ಸೇರಬೇಕು.

ಗುಡ್ಡದ ಹೆಸರು ‘ಓವರ್‌ಬರ್ಡನ್’, ಗಣಿಯವರ ಬಾಯಲ್ಲಿ ಓಬಿ. ಕಲ್ಲಿದ್ದಲಿನ ಮೇಲೆ ತನ್ನ ಪಾಡಿಗೆ ಕಾಡು ಬೆಳೆಸಿಕೊಂಡಿದ್ದ ಮಣ್ಣು, ಬಂಡೆಗೆ ಕಾಗದದಲ್ಲಿ ಸಿಕ್ಕ ಬಿರುದು ‘ಹೊರೆ’. 2023-24ರಲ್ಲಿ ಕೋಲ್ ಇಂಡಿಯಾ 77 ಕೋಟಿ ಟನ್ ಕಲ್ಲಿದ್ದಲು ತೆಗೆಯಲು 190 ಕೋಟಿ ಘನ ಮೀಟರ್‌ಗೂ ಹೆಚ್ಚು ಹೊರೆ ಎತ್ತಿ ಹಾಕಿತು. ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿಯಿಲ್ಲ ಎಂದು ನಾವು ನಿರಾಳವಾಗುವ ಹಾಗೂ ಇಲ್ಲ. ರಾಯಚೂರಿನ ವಿದ್ಯುತ್ ಸ್ಥಾವರ ಉರಿಯುವುದು ತೆಲಂಗಾಣದ ಸಿಂಗರೇಣಿಯಂಥ ಹೊರಗಿನ ಗಣಿಗಳನ್ನು ನಂಬಿಯೇ.

ಗಣಿಗೆ ಅನುಮತಿ ಕೊಡುವಾಗ ಪರಿಸರ ಸಚಿವಾಲಯ ಹಾಕುವ ಷರತ್ತು ಓದಿದರೆ ಕಣ್ಣು ತುಂಬಿ ಬರುತ್ತದೆ. ಆ ಪ್ರದೇಶದ ಅತಿ ದೊಡ್ಡ ಮಳೆಯನ್ನು ಲೆಕ್ಕ ಹಾಕಿ, ಅದರ ಮೇಲೆ ಇನ್ನೂ ಶೇ. 50ರಷ್ಟು ಜಾಸ್ತಿ ನೀರು ಹಿಡಿಯುವಂತೆ ಚರಂಡಿ ತೋಡಬೇಕು. ಹೂಳನ್ನು ಆಗಾಗ ಎತ್ತುತ್ತಿರಬೇಕು. ಆರು ತಿಂಗಳಿಗೊಮ್ಮೆ ವರದಿ ಒಪ್ಪಿಸಬೇಕು. ವರದಿಯ ಎಡಗಡೆ ಷರತ್ತು, ಬಲಗಡೆ ಉತ್ತರ: ‘ಪಾಲಿಸಲಾಗಿದೆ’, ‘ಪಾಲಿಸಲಾಗುತ್ತಿದೆ’, ‘ಪಾಲಿಸಲಾಗುವುದು’. ಭೂತ, ವರ್ತಮಾನ, ಭವಿಷ್ಯತ್ ಎಲ್ಲ ಕಾಲಗಳೂ ಬಂದುಹೋಗುತ್ತವೆ, ಮಳೆಗಾಲ ಒಂದನ್ನು ಬಿಟ್ಟು.

ಜೊತೆಗೊಂದು ಫೋಟೋ. ತೆಗೆದದ್ದು ಮಾರ್ಚ್‌ನಲ್ಲಿ. ಅಂಚಿಗೆ ಸುಣ್ಣ ಬಳಿದುಕೊಂಡು ಚರಂಡಿ ಮದುಮಗನ ಹಾಗೆ ನಿಂತಿದೆ. ಒಳಗೆ ನೀರೊಂದಿಲ್ಲ ಅಷ್ಟೆ.

ನೀರು ಬರುವುದು ಜೂನ್‌ನಲ್ಲಿ, ಅದಕ್ಕೆ ಓದು ಬರಹ ಬರದು. ಗುಡ್ಡಕ್ಕೆ ಹಂತ ಹಂತವಾಗಿ ಬಿಟ್ಟ ಮೆಟ್ಟಿಲುಗಳು, ನೀರು ಅಂಚಿನಿಂದ ಇಳಿಯದಂತೆ, ಒಳಮುಖವಾಗಿ ವಾಲಿರಬೇಕು. ಡೋಜರ್ ಅವಸರದಲ್ಲಿ ಹೊರಮುಖವಾಗಿ ಎಳೆದುಹೋಗಿರುತ್ತದೆ. ಹುಲ್ಲೂ ಹಿಡಿಯದ ಸಡಿಲ ಮಣ್ಣು. ಮೊದಲ ಮಳೆಗೆ ಅಂಚಿನಲ್ಲಿ ಬೆರಳು ಗಾತ್ರದ ಗೆರೆ, ವಾರದಲ್ಲಿ ಕರು ಬೀಳುವಷ್ಟು ಕೊರಕಲು, ಆಗಸ್ಟ್‌ಗೆ ಟಿಪ್ಪರ್ ಇಳಿಸಬಹುದು. ಕೊರೆದ ಮಣ್ಣೆಲ್ಲ ಸೀದಾ ಹಾರದೊಳಕ್ಕೆ. ಚರಂಡಿ ತುಂಬಿ ತಾನೇ ಒಡ್ಡಾಗಿ ನಿಂತು, ನೀರನ್ನು ಪಕ್ಕದ ಗದ್ದೆಗೆ ತಿರುಗಿಸುತ್ತದೆ. ಹೂಳುಗುಂಡಿಯಲ್ಲಿ ಹೋದ ವರ್ಷದ ಹೂಳೇ ಕಾಲು ಚಾಚಿ ಮಲಗಿರುತ್ತದೆ.

ಹೂಳು ಎತ್ತುವುದೇ ಇಲ್ಲ ಎಂದರೆ ಪಾಪ ಬರುತ್ತದೆ. ಎತ್ತುತ್ತಾರೆ, ಎತ್ತಿ ಚರಂಡಿಯ ದಂಡೆ ಮೇಲೆಯೇ ಗುಡ್ಡೆ ಹಾಕುತ್ತಾರೆ. ಮುಂದಿನ ಮಳೆಗೆ ಅದು ತವರಿಗೆ ವಾಪಸ್. ರಾಜಕಾಲುವೆ ಕಂಡ ಬೆಂಗಳೂರಿನವರಿಗೆ ಈ ವಿದ್ಯೆಯನ್ನು ಬಿಡಿಸಿ ಹೇಳಬೇಕಿಲ್ಲ.

ಕೇಳಿದರೆ ಉತ್ತರ ಸಿದ್ಧ: ‘ಅನಿರೀಕ್ಷಿತ ಮಳೆ’. ಪ್ರತಿವರ್ಷ ಅದೇ ತಿಂಗಳಲ್ಲಿ ಬರುವ ಮುಂಗಾರು ಪ್ರತಿವರ್ಷವೂ ಅನಿರೀಕ್ಷಿತ. ಮಳೆ ಕೈಗೆ ಸಿಗದಿದ್ದರೆ ಬೇರೆ ಪದವಿದೆ. 2016ರ ಡಿಸೆಂಬರ್ 29ರಂದು ಜಾರ್ಖಂಡ್‌ನ ಲಾಲ್‌ಮಟಿಯಾ ಕಲ್ಲಿದ್ದಲು ಗಣಿಯಲ್ಲಿ ಸುಮಾರು 95 ಲಕ್ಷ ಘನ ಮೀಟರ್ ಮಣ್ಣು ಜಾರಿ 23 ಕಾರ್ಮಿಕರು ಸತ್ತರು. ಅದು ಚರಂಡಿಯ ಕಥೆಯಲ್ಲ, ಮಳೆಗಾಲವೂ ಅಲ್ಲ. ಆಗ ಬಂದ ಪದ ‘ಅಭೂತಪೂರ್ವ’. ಆ ಪದದ ಮುಂದೆ ನನಗೆ ನಗು ಬರಲಿಲ್ಲ.

ಗದ್ದೆಯವನ ಪಾಡು ಹೇಳಲಿಲ್ಲ. ಬೂದು ಕೆಸರು ಪೈರಿನ ಸುಳಿಯವರೆಗೂ ಕೂತು, ಎರಡು ಬಿಸಿಲಿಗೆ ಒಣಗಿ ಹಪ್ಪಳದ ಹಾಗೆ ಬಿರಿದಿದೆ. ದೂರು ಕೊಟ್ಟರೆ, ‘ನಿಮ್ಮ ಜಮೀನು ಗಣಿಯ ಲೀಸ್ ಗಡಿಯಿಂದ ಆಚೆ ಇದೆಯಲ್ಲ’ ಎನ್ನುತ್ತಾರೆ. ಗುಡ್ಡಕ್ಕೆ ಹಾರ, ರೈತನಿಗೆ ಹಾರೆ. ಅದನ್ನೇ ಹಿಡಿದು ಅವನು ಬದುವಿನ ಪಕ್ಕ ಒಂದು ಮೊಳದ ಕಾಲುವೆ ಕಡಿದುಕೊಳ್ಳುತ್ತಾನೆ. ನೀರು ಹರಿಯುತ್ತದೆ. ಮುಂದಿನ ಮಾರ್ಚ್‌ನಲ್ಲಿ ಫೋಟೋದವರು ಬಂದು ಅದಕ್ಕೇ ಸುಣ್ಣ ಬಳಿಸದಿದ್ದರೆ ಸಾಕು.